ಕಡತಗಳು ಕಂಡ ನಂಟು: ಸಕ್ಕರೆ ಕಾಯಿಲೆ ಮತ್ತು ಹೃದಯ

ಮಧುಮೇಹ ಎಂಬ ಹೆಸರು ಹುಟ್ಟಿದ್ದು ಮೂತ್ರದಿಂದ. ಮೇಹವೆಂದರೆ ಮೂತ್ರ, ಮಧುವೆಂದರೆ ಜೇನು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯರು ಗಮನಿಸಿದ್ದರು. ಕನ್ನಡದಲ್ಲಿ ಸಿಹಿಮೂತ್ರ ರೋಗವೆಂಬ ಮಾತು ಬಂದದ್ದೂ ಅದೇ ಗುರುತಿನಿಂದ. ಗ್ರೀಕರ ‘ಡಯಾಬಿಟಿಸ್’ ಎಂಬ ಪದಕ್ಕೆ ಹಾದುಹೋಗುವುದು ಎಂಬ ಅರ್ಥವಿದೆ. ಕುಡಿದ ನೀರು ಮೈಯಲ್ಲಿ ನಿಲ್ಲದೆ ಕೊಳವೆಯಲ್ಲಿ ಹರಿದಂತೆ ಹರಿದುಹೋಗುತ್ತದೆ ಎಂಬುದು ಅವರಿಗೆ ಎದ್ದು ಕಂಡ ಲಕ್ಷಣ. ಇಂದು ನಮ್ಮ ಮಾತಿನಲ್ಲಿ ಅದು ಸಕ್ಕರೆ ಕಾಯಿಲೆ, ಇನ್ನೂ ಚಿಕ್ಕದಾಗಿ ‘ಶುಗರ್’. ಬೆಳಗಿನ ವಾಕಿಂಗ್‌ನಲ್ಲಿ ಇಬ್ಬರು ‘ನಿಮ್ಮದೆಷ್ಟು?’ ಎಂದು ಕೇಳಿಕೊಂಡರೆ ಯಾವ ಅಂಕಿ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಎಲ್ಲ ಹೆಸರುಗಳೂ ಒಂದು ಸಂಗತಿಯನ್ನು ಮರೆಮಾಡುತ್ತವೆ. ಸಕ್ಕರೆ ಕಾಯಿಲೆ ಇರುವವರ ಸಾವಿಗೆ ಅತಿ ದೊಡ್ಡ ಕಾರಣ ಹೃದಯ ಮತ್ತು ರಕ್ತನಾಳಗಳ ರೋಗ. ಹೆಸರಿನಲ್ಲಿ ಮೂತ್ರವಿದೆ, ಜೇನಿದೆ, ಸಕ್ಕರೆಯಿದೆ. ಹೃದಯದ ಸುಳಿವಿಲ್ಲ.

ಈ ನಂಟು ವೈದ್ಯಲೋಕಕ್ಕೆ ಸ್ಪಷ್ಟವಾಗಿ ಗೊತ್ತಾದದ್ದು 20ನೆಯ ಶತಮಾನದಲ್ಲಿ, ಅದೂ ಬಹಳ ನಿಧಾನವಾಗಿ. ನಿಧಾನಕ್ಕೆ ಕಾರಣವಿತ್ತು. ಒಬ್ಬ ವೈದ್ಯ ನೋಡುವುದು ಎದುರಿಗೆ ಕೂತ ಒಬ್ಬ ರೋಗಿಯನ್ನು. ಆ ರೋಗಿ 15 ವರ್ಷಗಳ ನಂತರ ಬೇರೆ ಊರಿನಲ್ಲಿ, ಬೇರೆ ವೈದ್ಯರ ಕೈಯಲ್ಲಿ ಎದೆನೋವಿನಿಂದ ತೀರಿಕೊಂಡರೆ ಎರಡು ಘಟನೆಗಳನ್ನು ಜೋಡಿಸುವವರು ಯಾರು? ಜೋಡಿಸಬೇಕಾದರೆ ಯಾರೋ ಒಬ್ಬರು ಹೆಸರುಗಳನ್ನು ಬರೆದಿಟ್ಟುಕೊಂಡು, ವರ್ಷಗಟ್ಟಲೆ ಅವರ ಹಿಂದೆ ಹೋಗಿ, ಯಾರಿಗೆ ಏನಾಯಿತು ಎಂದು ಮತ್ತೆ ಬರೆಯಬೇಕು. ಹಾಗಾಗಿ ಇದು ಮದ್ದುಗಳ ಚರಿತ್ರೆ ಎನ್ನುವುದಕ್ಕಿಂತ ಹೆಚ್ಚಾಗಿ ಕಡತಗಳ ಚರಿತ್ರೆ. ಅಂಥ ಒಂದು ಕಡತ ನಮ್ಮ ಮೈಸೂರಿನದು.

ಎರಡು ರೋಗ, ಎರಡು ದಾರಿ

ಆಧುನಿಕ ವೈದ್ಯಶಾಸ್ತ್ರದಲ್ಲಿ ಎರಡೂ ರೋಗಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ರೂಪ ಪಡೆದವು. ಲಂಡನ್ನಿನ ವಿಲಿಯಂ ಹೆಬರ್ಡನ್ ನಡೆಯುವಾಗ ಎದೆ ಹಿಂಡಿದಂತಾಗಿ, ನಿಂತರೆ ಕಡಿಮೆಯಾಗುವ ನೋವನ್ನು ವಿವರಿಸಿ ಅದಕ್ಕೆ ‘ಅಂಜೈನಾ’ ಎಂದು ಹೆಸರಿಟ್ಟ ಬರಹ ಅಚ್ಚಾದದ್ದು 1772ರಲ್ಲಿ. ನಾಲ್ಕು ವರ್ಷಗಳ ನಂತರ, 1776ರಲ್ಲಿ, ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಕಾಯಿಸಿ ಇಂಗಿಸಿ ಉಳಿದ ಪುಡಿ ಸಕ್ಕರೆಯೇ ಎಂದು ತೋರಿಸಿದರು. ರಕ್ತದ ತಿಳಿಯಲ್ಲೂ ಸಿಹಿ ಇದೆ ಎಂದು ಅವರು ಗುರುತಿಸಿದ್ದರು. ಒಂದೇ ದೇಶ, ಒಂದೇ ದಶಕ. ಆದರೂ ಮುಂದಿನ 150 ವರ್ಷ ಎರಡೂ ರೋಗಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಉಳಿದವು.

ಅದರಲ್ಲಿ ಅಚ್ಚರಿಯೇನಿಲ್ಲ. ಆಗ ಸಕ್ಕರೆ ಕಾಯಿಲೆಯ ತೀವ್ರ ರೂಪ ಬಂದವರು ಹೃದಯ ಕೆಡುವಷ್ಟು ಕಾಲ ಬದುಕುತ್ತಲೇ ಇರಲಿಲ್ಲ. ಮಕ್ಕಳು ಮತ್ತು ಹರೆಯದವರು ಕೆಲವೇ ತಿಂಗಳಲ್ಲಿ ಸೊರಗಿ, ರಕ್ತದಲ್ಲಿ ಆಮ್ಲ ಹೆಚ್ಚಿ, ಎಚ್ಚರ ತಪ್ಪಿ ಸಾಯುತ್ತಿದ್ದರು. ಹುಟ್ಟಿನಿಂದ ಬರುವ ಪ್ರಮೇಹ, ಅಪಥ್ಯದಿಂದ ಬರುವ ಪ್ರಮೇಹ ಎಂದು ಸುಶ್ರುತ ಸಂಹಿತೆ ಎರಡಾಗಿ ವಿಂಗಡಿಸಿ, ಮೊದಲನೆಯವರು ಕೃಶರು, ಎರಡನೆಯವರು ಸ್ಥೂಲರು ಎಂದು ಹೇಳಿತ್ತು. ಇವತ್ತಿನ ಟೈಪ್ 1, ಟೈಪ್ 2 ವಿಂಗಡಣೆಯ ನೆನಪು ತರುವ ಮಾತು ಅದು. ಆದರೆ ಎರಡನೆಯ ಗುಂಪಿನವರ ಮುಂದಿನ 20 ವರ್ಷಗಳನ್ನು ಎಣಿಸಿದವರು ಆಗ ಯಾರೂ ಇರಲಿಲ್ಲ.

ಬಾಸ್ಟನ್ನಿನ ಕಡತ

ಎಣಿಸಲು ಶುರುಮಾಡಿದವರಲ್ಲಿ ಮೊದಲಿಗರು ಅಮೆರಿಕದ ಎಲಿಯಟ್ ಜಾಸ್ಲಿನ್. 1893ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅವರು ತಾವು ಕಂಡ ಸಕ್ಕರೆ ಕಾಯಿಲೆಯ ರೋಗಿಗಳನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದರು. ಮುಂದೆ ಅವರ ಸ್ವಂತ ತಾಯಿಯ ಹೆಸರೂ ಅದರಲ್ಲಿ ಸೇರಿತು. ಜಾಸ್ಲಿನ್ ಹೆಸರು, ವಯಸ್ಸು, ತೂಕ ಬರೆದು ಸುಮ್ಮನಾಗುತ್ತಿರಲಿಲ್ಲ. ರೋಗಿ ಎಷ್ಟು ವರ್ಷ ಬದುಕಿದರು, ಯಾವುದರಿಂದ ಸತ್ತರು ಎಂಬುದನ್ನು ಪತ್ರ ಬರೆದು ತಿಳಿದುಕೊಂಡು ದಾಖಲಿಸುತ್ತಿದ್ದರು.

ಆ ಕಡತದ ನಡುವೆ ಒಂದು ದೊಡ್ಡ ತಿರುವು ಬಂತು. 1921ರ ಬೇಸಿಗೆಯಲ್ಲಿ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಒಂದು ರಸ ತೆಗೆದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಮೊದಲ ಸಲ ಅಷ್ಟಾಗಿ ಫಲ ಕಾಣಲಿಲ್ಲ. ಜೇಮ್ಸ್ ಕಾಲಿಪ್ ಶುದ್ಧಮಾಡಿಕೊಟ್ಟ ರಸವನ್ನು 23ರಂದು ಮತ್ತೆ ಕೊಟ್ಟಾಗ ಸಕ್ಕರೆ ಇಳಿಯಿತು. ಅಲ್ಲಿಯವರೆಗೆ ಇದ್ದ ಚಿಕಿತ್ಸೆಯೆಂದರೆ ಉಪವಾಸ. ರೋಗಿಗಳು ಎಲುಬಿನ ಹಂದರವಾಗಿ ಇನ್ನಷ್ಟು ತಿಂಗಳು ಉಸಿರಾಡುತ್ತಿದ್ದರು. ಇನ್ಸುಲಿನ್ ಬಂದ ಮೇಲೆ ಸಾಯಬೇಕಿದ್ದ ಮಕ್ಕಳು ಎದ್ದು ಕೂತು ಊಟ ಕೇಳಿದರು.

ಮದ್ದು ಸಿಕ್ಕಿತು, ಕತೆ ಮುಗಿಯಿತು ಎಂದು ಜಗತ್ತು ಅಂದುಕೊಂಡಿತು. ಜಾಸ್ಲಿನ್ನರ ಕಡತ ಬೇರೆ ಕತೆ ಹೇಳಿತು. ಇನ್ಸುಲಿನ್ನಿಗೆ ಮುಂಚಿನ ಮೊದಲ ವರ್ಷಗಳಲ್ಲಿ ಅವರ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎಚ್ಚರ ತಪ್ಪಿ ಸತ್ತಿದ್ದರು. ಇನ್ಸುಲಿನ್ ಬಂದ ಮೇಲೆ ಆ ಸಾಲು ಬಹಳ ಬೇಗ ಚಿಕ್ಕದಾಯಿತು. ಅದರ ಪಕ್ಕದಲ್ಲಿ ಇನ್ನೊಂದು ಸಾಲು ಉದ್ದವಾಗುತ್ತ ಹೋಯಿತು: ಹೃದಯ, ಮಿದುಳು, ಮೂತ್ರಪಿಂಡ, ಕಾಲುಗಳ ರಕ್ತನಾಳಗಳು ಗಡುಸಾಗಿ ಬಂದ ಸಾವುಗಳ ಸಾಲು. ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳಗಳು ಬೇಗ ಗಡುಸಾಗುವುದರ ಬಗ್ಗೆ ಜಾಸ್ಲಿನ್ 1927ರಷ್ಟು ಹಿಂದೆಯೇ ಬರೆದರು. ಅದಕ್ಕೆ ಸಕ್ಕರೆಗಿಂತ ಕೊಬ್ಬು ಕಾರಣವಿರಬಹುದು ಎಂದೂ ಶಂಕಿಸಿದರು. ಇನ್ಸುಲಿನ್ ಒಂದು ಸಾವನ್ನು ದೂರ ಮಾಡಿ, ಮತ್ತೊಂದು ಸಾವು ಕಣ್ಣಿಗೆ ಬೀಳುವಷ್ಟು ಆಯುಷ್ಯವನ್ನು ಕೊಟ್ಟಿತ್ತು.

ಒಂದು ಊರೇ ಕಡತವಾದಾಗ

ಜಾಸ್ಲಿನ್ನರ ಪುಸ್ತಕದಲ್ಲಿದ್ದವರೆಲ್ಲ ರೋಗಿಗಳು. ರೋಗವಿಲ್ಲದವರಿಗೂ ಅಷ್ಟೇ ಪ್ರಮಾಣದಲ್ಲಿ ಹೃದಯಾಘಾತ ಆಗುತ್ತಿದೆಯೇ ಎಂದು ಕೇಳಿದರೆ ಅದರಲ್ಲಿ ಉತ್ತರವಿರಲಿಲ್ಲ. ಆ ಉತ್ತರಕ್ಕೆ ಒಂದು ಇಡೀ ಊರು ಬೇಕಾಯಿತು.

1945ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವರ ರಕ್ತದೊತ್ತಡ ವರ್ಷಗಳಿಂದ ಏರುತ್ತಲೇ ಇತ್ತು, ಅದನ್ನು ಇಳಿಸುವ ಒಳ್ಳೆಯ ಮದ್ದು ಆಗ ಇರಲಿಲ್ಲ. ಹೃದ್ರೋಗ ಯಾರಿಗೆ, ಏಕೆ ಬರುತ್ತದೆ ಎಂದು ತಿಳಿಯುವ ಒತ್ತಾಯ ದೇಶದಲ್ಲಿ ಬೆಳೆದಿತ್ತು. 1948ರಲ್ಲಿ ಬಾಸ್ಟನ್ನಿಗೆ ಹತ್ತಿರದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 5,209 ಗಂಡಸರು ಮತ್ತು ಹೆಂಗಸರನ್ನು ಆರಿಸಿ, ಎರಡು ವರ್ಷಕ್ಕೊಮ್ಮೆ ಎಲ್ಲರನ್ನೂ ಪರೀಕ್ಷಿಸುವ ಕೆಲಸ ಶುರುವಾಯಿತು. ಇವರು ಆಸ್ಪತ್ರೆಗೆ ಬಂದ ರೋಗಿಗಳಲ್ಲ, ಊರಿನ ಸಾಮಾನ್ಯ ಜನ. ಅವರ ರಕ್ತದೊತ್ತಡ, ಕೊಲೆಸ್ಟರಾಲ್, ಸಿಗರೇಟು, ತೂಕ, ರಕ್ತದ ಸಕ್ಕರೆ ಎಲ್ಲವನ್ನೂ ಬರೆದು, ಯಾರಿಗೆ ಯಾವಾಗ ಏನಾಗುತ್ತದೆ ಎಂದು ಕಾಯುವುದೇ ಅಧ್ಯಯನ. ಇಂದು ಎಲ್ಲ ವೈದ್ಯರ ಬಾಯಲ್ಲಿರುವ ‘ರಿಸ್ಕ್ ಫ್ಯಾಕ್ಟರ್’ ಎಂಬ ಮಾತು ಬಳಕೆಗೆ ಬಂದದ್ದು 1961ರಲ್ಲಿ ಇಲ್ಲಿಂದ ಬಂದ ಒಂದು ಬರಹದಿಂದ.

ಸಕ್ಕರೆಯ ವಿಷಯದಲ್ಲಿ ಊರು ಉತ್ತರ ಕೊಡಲು 20 ವರ್ಷ ತೆಗೆದುಕೊಂಡಿತು. ವಿಲಿಯಂ ಕ್ಯಾನೆಲ್ ಮತ್ತು ಡ್ಯಾನಿಯಲ್ ಮೆಗೀ 1979ರಲ್ಲಿ ಅದನ್ನು ಪ್ರಕಟಿಸಿದರು. ಸಕ್ಕರೆ ಕಾಯಿಲೆ ಇರುವವರಲ್ಲಿ ರಕ್ತನಾಳ ಕಟ್ಟಿಕೊಳ್ಳುವ ರೋಗಗಳು ಎರಡರಿಂದ ಮೂರು ಪಟ್ಟು ಹೆಚ್ಚಾಗಿದ್ದವು. ಹಾಗಾದರೆ ಅವರ ರಕ್ತದೊತ್ತಡವೋ ಕೊಲೆಸ್ಟರಾಲೋ ಜಾಸ್ತಿ ಇದ್ದಿರಬೇಕು ಎಂಬ ಅನುಮಾನ ಸಹಜ. ಅವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಪಾಯದ ಒಂದು ಪಾಲು ಉಳಿಯಿತು. ಸಕ್ಕರೆ ಕಾಯಿಲೆಗೆ ತನ್ನದೇ ಆದ ಭಾರವಿತ್ತು.

ಆ ವರದಿಯಲ್ಲಿ ಎಲ್ಲರನ್ನೂ ತಡೆದು ನಿಲ್ಲಿಸಿದ್ದು ಹೆಂಗಸರ ಅಂಕಿ. ಮುಟ್ಟು ನಿಲ್ಲುವವರೆಗೆ ಹೆಂಗಸರಿಗೆ ಹೃದ್ರೋಗ ಕಡಿಮೆ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಸಕ್ಕರೆ ಕಾಯಿಲೆ ಬಂದ ಹೆಂಗಸಿಗೆ ಆ ರಕ್ಷಣೆ ಬಹುಮಟ್ಟಿಗೆ ಕಳಚಿಹೋಗುತ್ತಿತ್ತು. ಹೃದಯ ಸೋಲುವ ರೋಗವಂತೂ ಸಕ್ಕರೆ ಕಾಯಿಲೆಯ ಗಂಡಸರಲ್ಲಿ ಎರಡು ಪಟ್ಟು, ಹೆಂಗಸರಲ್ಲಿ ಐದು ಪಟ್ಟು ಕಂಡಿತು. ‘ಹಾರ್ಟ್ ಅಟ್ಯಾಕ್ ಗಂಡಸರ ಕಾಯಿಲೆ’ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿರುವುದರಿಂದ ಈ ಹಳೆಯ ಅಂಕಿ ಹಳತಾಗಿಲ್ಲ.

ಸಕ್ಕರೆ ಇಳಿದರೆ ಸಾಕೇ?

ನಂಟು ಗೊತ್ತಾದ ಮೇಲೆ ಪರಿಹಾರ ಸರಳವೆಂದೇ ತೋರುತ್ತದೆ: ಸಕ್ಕರೆ ಇಳಿಸಿದರೆ ಹೃದಯ ಉಳಿಯುತ್ತದೆ. ಚರಿತ್ರೆಯ ಅತಿ ಕಹಿ ಅಧ್ಯಾಯ ಈ ಸರಳ ನಂಬಿಕೆಯದು.

ಫ್ರೇಮಿಂಗ್‌ಹ್ಯಾಮಿನ ವರದಿಗೂ ಮುಂಚೆ, 1961ರಲ್ಲಿ, ಅಮೆರಿಕದ 12 ಆಸ್ಪತ್ರೆಗಳು ಕೂಡಿ ಸಕ್ಕರೆ ಕಾಯಿಲೆಯ ಮದ್ದುಗಳನ್ನು ಒಂದಕ್ಕೊಂದು ಹೋಲಿಸುವ ಪ್ರಯೋಗ ಆರಂಭಿಸಿದ್ದವು. ಆಗ ಎಲ್ಲೆಡೆ ಬಳಕೆಯಲ್ಲಿದ್ದ ಟಾಲ್ಬ್ಯುಟಮೈಡ್ ಮಾತ್ರೆ ನುಂಗಿದ 204 ಜನರಲ್ಲಿ 26 ಮಂದಿ ಹೃದಯ ಮತ್ತು ರಕ್ತನಾಳದ ರೋಗದಿಂದ ಸತ್ತರು. ಬರೀ ಹುಸಿಮಾತ್ರೆ ನುಂಗಿದ 205 ಜನರಲ್ಲಿ ಹಾಗೆ ಸತ್ತವರು 10. ಸಕ್ಕರೆ ಇಳಿಸುವ ಮಾತ್ರೆ ಹೃದಯವನ್ನು ಕಾಯಲಿಲ್ಲ, ಕೆಡಿಸಿರಲೂಬಹುದು ಎಂಬ ಸುದ್ದಿ 1970ರಲ್ಲಿ ಹೊರಬಿತ್ತು. ವೈದ್ಯರಿಗಿಂತ ಮೊದಲು ಪತ್ರಿಕೆಗಳಿಗೆ ತಲುಪಿದ್ದರಿಂದ ರೋಗಿಗಳು ಗಾಬರಿಯಾದರು, ವೈದ್ಯರು ಸಿಟ್ಟಾದರು. ಪ್ರಯೋಗದ ರೀತಿಯೇ ತಪ್ಪು ಎಂದು ದೊಡ್ಡ ಹೆಸರಿನ ವೈದ್ಯರು ಸಂಘ ಕಟ್ಟಿ ಕೋರ್ಟಿಗೆ ಹೋದರು. ಮೂಲ ದಾಖಲೆಗಳನ್ನು ನೋಡುವ ಹಕ್ಕು ಯಾರಿಗಿದೆ ಎಂಬ ಜಗಳ 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಂದು ಬಳಕೆಯಲ್ಲಿರುವ ಅದೇ ಕುಟುಂಬದ ಹೊಸ ಮಾತ್ರೆಗಳಿಗೆ ಆ ಫಲಿತಾಂಶವನ್ನು ಹಾಗೇ ಹಚ್ಚುವಂತಿಲ್ಲ. ಆದರೆ ರಕ್ತದ ಸಕ್ಕರೆಯ ಅಂಕಿ ಮತ್ತು ರೋಗಿಯ ಆಯುಷ್ಯ ಒಂದೇ ಅಲ್ಲ ಎಂಬ ಮಾತು ಆಗ ಮೊದಲ ಬಾರಿಗೆ ಗಟ್ಟಿಯಾಗಿ ಕೇಳಿಸಿತು.

1998 ಈ ಚರಿತ್ರೆಯಲ್ಲಿ ಮುಖ್ಯವಾದ ವರ್ಷ. ಬ್ರಿಟನ್ನಿನಲ್ಲಿ 1977ರಿಂದ 5,102 ಹೊಸ ರೋಗಿಗಳನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನದ ಫಲಿತಾಂಶ ಆ ವರ್ಷ ಬಂತು. ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣು, ಮೂತ್ರಪಿಂಡದಂಥ ಸಣ್ಣ ರಕ್ತನಾಳಗಳ ತೊಂದರೆ 25 ಪ್ರತಿಶತ ಕಡಿಮೆಯಾಗಿತ್ತು. ಹೃದಯಾಘಾತವೂ 16 ಪ್ರತಿಶತ ಇಳಿದಿತ್ತು, ಆದರೆ ಅದು ಕಾಕತಾಳೀಯ ಅಲ್ಲವೆಂದು ಲೆಕ್ಕಶಾಸ್ತ್ರ ಒಪ್ಪುವಷ್ಟು ಖಚಿತವಾಗಿರಲಿಲ್ಲ. ಅದೇ ಅಧ್ಯಯನದಲ್ಲಿ ರಕ್ತದೊತ್ತಡವನ್ನು ಬಿಗಿಯಾಗಿ ಹಿಡಿದವರಲ್ಲಿ ಪಾರ್ಶ್ವವಾಯು 44 ಪ್ರತಿಶತ ಕಡಿಮೆಯಾಯಿತು. ಅದೇ ವರ್ಷ ಫಿನ್ಲೆಂಡಿನ ಜನರನ್ನು ಏಳು ವರ್ಷ ಹಿಂಬಾಲಿಸಿದ ಸ್ಟೀವನ್ ಹಾಫ್ನರ್ ಮತ್ತು ಸಂಗಡಿಗರು, ಒಮ್ಮೆಯೂ ಹೃದಯಾಘಾತ ಆಗಿರದ ಸಕ್ಕರೆ ಕಾಯಿಲೆಯವರ ಅಪಾಯ, ಈಗಾಗಲೇ ಒಮ್ಮೆ ಹೃದಯಾಘಾತ ಆಗಿರುವ ಇತರರ ಅಪಾಯಕ್ಕೆ ಸಮಾನ ಎಂದರು: 20.2 ಪ್ರತಿಶತ ಮತ್ತು 18.8 ಪ್ರತಿಶತ. ಎಲ್ಲ ರೋಗಿಗಳಿಗೂ ಇದು ಇಷ್ಟೇ ಪ್ರಮಾಣದಲ್ಲಿ ಅನ್ವಯಿಸದು ಎಂದು ಮುಂದಿನ ಅಧ್ಯಯನಗಳು ತಿದ್ದಿದವು. ಎಷ್ಟು ವರ್ಷದಿಂದ ಕಾಯಿಲೆ ಇದೆ ಎಂಬುದು ಮುಖ್ಯವಾಗುತ್ತದೆ. ಆದರೂ ಸಕ್ಕರೆ ಕಾಯಿಲೆಯವರನ್ನು ಹೃದ್ರೋಗದ ಕಣ್ಣಿನಿಂದ ನೋಡುವ ಅಭ್ಯಾಸ ಬೆಳೆದದ್ದು ಅಲ್ಲಿಂದ.

ಇನ್ನೂ ಬಿಗಿಯಾಗಿ ಹಿಡಿದರೆ? ಅಮೆರಿಕ ಮತ್ತು ಕೆನಡಾದ 10,251 ರೋಗಿಗಳ ಮೇಲೆ ಅದನ್ನೂ ಪರೀಕ್ಷಿಸಿದರು. ಸಕ್ಕರೆಯನ್ನು ಆರೋಗ್ಯವಂತರ ಮಟ್ಟಕ್ಕೆ ತರಲು ಹೊರಟ ಗುಂಪಿನಲ್ಲಿ 257 ಸಾವು, ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ 203. ಆ ಭಾಗವನ್ನು 2008ರ ಫೆಬ್ರವರಿಯಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಇದಕ್ಕೆ ಎದುರಾಗಿ ಡೆನ್ಮಾರ್ಕಿನಲ್ಲಿ ಬರೀ 160 ರೋಗಿಗಳ ಚಿಕ್ಕ ಪ್ರಯೋಗವೊಂದು ನಡೆದಿತ್ತು. ಅಲ್ಲಿ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್, ಸಿಗರೇಟು, ಊಟ, ನಡಿಗೆ ಎಲ್ಲವನ್ನೂ ಒಟ್ಟಿಗೆ ನೋಡಿಕೊಂಡರು. ಎಂಟು ವರ್ಷಗಳಾಗುವಷ್ಟರಲ್ಲಿ ಹೃದಯ ಮತ್ತು ರಕ್ತನಾಳದ ಅವಘಡಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. 2003ರಲ್ಲಿ ಪ್ರಕಟವಾದ ಈ ಪಾಠವೇ ಇಂದಿನ ಚಿಕಿತ್ಸೆಯ ಬುನಾದಿ.

ಒಳಗೆ ಏನಾಗುತ್ತದೆ

ಒಂದೇ ಅಂಕಿಯನ್ನು ಹಿಡಿದರೆ ಸಾಲದು ಏಕೆ? ಉತ್ತರ ರಕ್ತನಾಳದ ಒಳಗೋಡೆಯಲ್ಲಿದೆ. ಆ ಗೋಡೆ ಒಂದೇ ಪದರದ ನುಣುಪಾದ ಜೀವಕೋಶಗಳಿಂದ ಆದದ್ದು. ಹೆಚ್ಚಾದ ಸಕ್ಕರೆ ಅಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಗೋಡೆಯನ್ನು ಗಡುಸು ಮಾಡುತ್ತದೆ. ರಕ್ತದ ಕೊಬ್ಬಿನ ಕಣಗಳು ಚಿಕ್ಕದಾಗಿ, ಸಾಂದ್ರವಾಗಿ ಗೋಡೆಯೊಳಗೆ ಸುಲಭವಾಗಿ ನುಗ್ಗುವಂತಾಗುತ್ತವೆ. ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಮೂತ್ರಪಿಂಡ ಬಳಲಿದಂತೆ ರಕ್ತದೊತ್ತಡ ಏರುತ್ತದೆ.

ಇವೆಲ್ಲ ಸಕ್ಕರೆ ಏರಿದ ಮೇಲೆ ಮಾತ್ರ ಶುರುವಾಗುವುದಲ್ಲ. 1960ರಲ್ಲಿ ರೊಸಲಿನ್ ಯಾಲೊ ಮತ್ತು ಸೊಲೊಮನ್ ಬರ್ಸನ್ ರಕ್ತದ ಇನ್ಸುಲಿನ್ನನ್ನು ಅಳೆಯುವ ವಿಧಾನ ಕಂಡುಹಿಡಿದಾಗ, ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ ಬಂದ ಎಷ್ಟೋ ಜನರಲ್ಲಿ ಇನ್ಸುಲಿನ್ ಕಡಿಮೆಯಿರದೆ ಹೆಚ್ಚೇ ಇತ್ತು. ದೇಹ ಅದರ ಮಾತು ಕೇಳುತ್ತಿರಲಿಲ್ಲ, ಅಷ್ಟೆ. 1988ರಲ್ಲಿ ಜೆರಾಲ್ಡ್ ರೀವನ್ ಈ ಮಾತು ಕೇಳದ ಸ್ಥಿತಿ, ರಕ್ತದೊತ್ತಡ, ಕೊಬ್ಬಿನ ಏರುಪೇರು ಎಲ್ಲ ಒಟ್ಟಿಗೆ ಬರುವುದನ್ನು ಕಂಡು ಅದಕ್ಕೆ ‘ಸಿಂಡ್ರೋಮ್ ಎಕ್ಸ್’ ಎಂದರು. ಮೈಕೆಲ್ ಸ್ಟರ್ನ್ 1995ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ರೋಗ ಇನ್ನೊಂದನ್ನು ಹೆರುತ್ತದೆ ಎನ್ನುವುದಕ್ಕಿಂತ ಎರಡೂ ಒಂದೇ ಮಣ್ಣಿನಲ್ಲಿ ಬೆಳೆದ ಗಿಡಗಳಿರಬಹುದು ಎಂದರು.

ಇನ್ನೊಂದು ಸಂಗತಿ ಎಲ್ಲ ಮನೆಯವರಿಗೂ ಗೊತ್ತಿರಬೇಕಾದ್ದು. ಸಕ್ಕರೆ ಕಾಯಿಲೆ ನರಗಳನ್ನೂ ಮಂಕು ಮಾಡುತ್ತದೆ. ಆದ್ದರಿಂದ ಹೃದಯಾಘಾತ ಕೆಲವೊಮ್ಮೆ ಎದೆನೋವಿಲ್ಲದೆ ಬರುತ್ತದೆ: ಕಾರಣವಿಲ್ಲದ ಏದುಸಿರು, ತಣ್ಣನೆಯ ಬೆವರು, ಹೊಟ್ಟೆ ತೊಳಸು, ವಿಪರೀತ ಸುಸ್ತು. ‘ಗ್ಯಾಸ್ ಇರಬೇಕು’ ಎಂದು ಬಿಸಿನೀರು ಕುಡಿದು ಮಲಗಿದವರಲ್ಲಿ ಕೆಲವರು ಬೆಳಗ್ಗೆ ಏಳುವುದಿಲ್ಲ.

ಮೈಸೂರಿನ ಕಡತ

ಇಲ್ಲಿಯವರೆಗಿನದು ಕಾಯಿಲೆ ಬಂದ ಮೇಲಿನ ಕತೆ. ಎರಡೂ ಗಿಡ ಬೆಳೆದ ಮಣ್ಣು ಯಾವುದು ಎಂದು ಕೇಳಿದರೆ ಇನ್ನೂ ಹಿಂದೆ, ಹುಟ್ಟಿನತ್ತ ಹೋಗಬೇಕಾಗುತ್ತದೆ. ಈ ಪ್ರಶ್ನೆ ನಮ್ಮ ಜನರಿಗೆ ತೀರಾ ಹತ್ತಿರದ್ದು. 1991ರಲ್ಲಿ ಲಂಡನ್ನಿನ ಸೌತಾಲ್ ಸುತ್ತಮುತ್ತ ನಡೆದ ಅಧ್ಯಯನದಲ್ಲಿ ದಕ್ಷಿಣ ಏಷ್ಯಾ ಮೂಲದವರಲ್ಲಿ 19 ಪ್ರತಿಶತ ಜನರಿಗೆ ಸಕ್ಕರೆ ಕಾಯಿಲೆ ಇತ್ತು. ಅಲ್ಲಿನ ಬಿಳಿಯರಲ್ಲಿ 4 ಪ್ರತಿಶತ. ಹೃದ್ರೋಗದ ಸಾವೂ ನಮ್ಮವರಲ್ಲಿ ಹೆಚ್ಚಾಗಿತ್ತು. ಬರಗಾಲಗಳನ್ನು ದಾಟಲು ಕೊಬ್ಬು ಕೂಡಿಡುವ ಗುಣ ವಂಶವಾಹಿಯಲ್ಲೇ ಬಂದಿದೆ ಎಂಬ ಜೇಮ್ಸ್ ನೀಲ್ ಅವರ 1962ರ ಊಹೆ ಒಂದು ಉತ್ತರವಾಗಿತ್ತು. ಇನ್ನೊಂದು ಉತ್ತರ ಹಳೆಯ ಹೆರಿಗೆ ಪುಸ್ತಕಗಳಿಂದ ಬಂತು.

ಇಂಗ್ಲೆಂಡಿನ ಡೇವಿಡ್ ಬಾರ್ಕರ್, ಒಂದು ಕಾಲದಲ್ಲಿ ಹಸುಗೂಸುಗಳು ಹೆಚ್ಚಾಗಿ ಸಾಯುತ್ತಿದ್ದ ಪ್ರದೇಶಗಳಲ್ಲೇ 50 ವರ್ಷಗಳ ನಂತರ ಹೃದ್ರೋಗವೂ ಹೆಚ್ಚಾಗಿರುವುದನ್ನು 1980ರ ದಶಕದಲ್ಲಿ ಗಮನಿಸಿದರು. ಹೃದ್ರೋಗ ಉಳ್ಳವರ ಕಾಯಿಲೆಯಾದರೆ ಬಡ ಪ್ರದೇಶಗಳಲ್ಲಿ ಏಕೆ? ಹರ್ಟ್‌ಫರ್ಡ್‌ಶೈರ್ ಜಿಲ್ಲೆಯಲ್ಲಿ 1911ರಿಂದ ಸೂಲಗಿತ್ತಿಯರು ಮತ್ತು ಆರೋಗ್ಯ ಭೇಟಿಗಾರ್ತಿಯರು ಕೂಸುಗಳ ತೂಕ ಬರೆದಿಟ್ಟ ಪುಸ್ತಕಗಳು ಉಳಿದಿದ್ದವು. ಆ ಕೂಸುಗಳಲ್ಲಿ 5,654 ಗಂಡಸರ ಮುಂದಿನ ಬದುಕನ್ನು ಹುಡುಕಿದಾಗ, ಹುಟ್ಟುವಾಗ ಮತ್ತು ಒಂದು ವರ್ಷ ತುಂಬಿದಾಗ ತೂಕ ಕಡಿಮೆಯಿದ್ದವರೇ ಹೃದ್ರೋಗದಿಂದ ಹೆಚ್ಚಾಗಿ ಸತ್ತಿದ್ದರು. ಅದೇ ಜಿಲ್ಲೆಯ 64 ವರ್ಷದ ಗಂಡಸರನ್ನು ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಸಕ್ಕರೆ ಕಾಯಿಲೆಯೂ ಹೆಚ್ಚಿತ್ತು. ಹೊಟ್ಟೆಯಲ್ಲಿದ್ದಾಗ ಆಹಾರ ಸಾಲದ ಕೂಸು ಮಿದುಳನ್ನು ಉಳಿಸಿಕೊಳ್ಳಲು ಉಳಿದ ಅಂಗಗಳಲ್ಲಿ ಜಿಪುಣತನ ಮಾಡುತ್ತದೆ. ಮುಂದೆ ಊಟ ಹೆಚ್ಚಾದಾಗ ಆ ದೇಹ ತಾಳಿಕೊಳ್ಳುವುದಿಲ್ಲ. ಬಾರ್ಕರ್ ಮತ್ತು ನಿಕೋಲಸ್ ಹೇಲ್ಸ್ 1992ರಲ್ಲಿ ಮುಂದಿಟ್ಟ ವಾದ ಇದು.

ಇಂಗ್ಲೆಂಡಿನ ವಾದ ಭಾರತಕ್ಕೆ ಹೊಂದುತ್ತದೆಯೇ ಎಂದು ನೋಡಲು ಇಲ್ಲಿನ ಹಳೆಯ ಹೆರಿಗೆ ದಾಖಲೆ ಬೇಕಿತ್ತು. ಅದು ಸಿಕ್ಕಿದ್ದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಮೈಸೂರಿನವರ ಮಾತಿನಲ್ಲಿ ಮಿಷನ್ ಆಸ್ಪತ್ರೆಯಲ್ಲಿ. 1906ರಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿ ಕಟ್ಟಿದ ಈ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಯ ವಿವರ ಉಳಿದುಬಂದಿತ್ತು: ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ. ಬರೆದ ದಾದಿಯರಿಗೆ ಅದು ದಿನದ ಕೆಲಸ.

ಬ್ರಿಟನ್ನಿನ ಕೆರೋಲಿನ್ ಫಾಲ್ ಮತ್ತು ಸಂಗಡಿಗರು ಮೈಸೂರಿನ ವೈದ್ಯರೊಡನೆ ಸೇರಿ, ಅಲ್ಲಿ ಹುಟ್ಟಿ ಆಸ್ಪತ್ರೆಯ ಸುತ್ತಮುತ್ತಲೇ ವಾಸವಿದ್ದವರನ್ನು ಮನೆಮನೆಗೆ ಹೋಗಿ ಹುಡುಕಿದರು. ಹೀಗೆ ಸಿಕ್ಕ 517 ಜನರ ಹೃದಯವನ್ನು ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಏಳು ಪೌಂಡಿಗಿಂತ ಹೆಚ್ಚು ತೂಗಿದ ಕೂಸುಗಳು ದೊಡ್ಡವರಾದಾಗ ಹೃದ್ರೋಗ ಇದ್ದದ್ದು 3 ಪ್ರತಿಶತ ಜನರಿಗೆ. ಐದೂವರೆ ಪೌಂಡ್ ಅಥವಾ ಅದಕ್ಕಿಂತ ಕಡಿಮೆ, ಅಂದರೆ ಎರಡೂವರೆ ಕಿಲೋ ಒಳಗೆ, ತೂಗಿದವರಲ್ಲಿ 11 ಪ್ರತಿಶತ. ಎಲ್ಲಕ್ಕಿಂತ ಹೆಚ್ಚು, 20 ಪ್ರತಿಶತ, ಕಂಡದ್ದು ಒಂದು ಗುಂಪಿನಲ್ಲಿ: ಕಡಿಮೆ ತೂಕದಲ್ಲಿ ಹುಟ್ಟಿ, ಈಗ 45 ದಾಟಿದವರು, ಬಸುರಿನಲ್ಲಿ ಅವರ ತಾಯಿ 100 ಪೌಂಡ್, ಅಂದರೆ ಸುಮಾರು 45 ಕಿಲೋ ಕೂಡ ತೂಗಿರಲಿಲ್ಲ.

ಹೃದಯದ ಬಗ್ಗೆ ಮೈಸೂರು ಇಂಗ್ಲೆಂಡಿನ ಮಾತಿಗೆ ಹೌದೆಂದಿತು. ಸಕ್ಕರೆಯ ಬಗ್ಗೆ ಮಾತ್ರ ಅದು ಬೇರೆಯೇ ಉತ್ತರ ಕೊಟ್ಟಿತು. 1998ರ ವರದಿಯ ಪ್ರಕಾರ ಪರೀಕ್ಷಿಸಿದವರಲ್ಲಿ 15 ಪ್ರತಿಶತ ಜನರಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಹೆಚ್ಚಾಗಿ ಕಂಡದ್ದು ಗಿಡ್ಡಗೆ, ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಹುಟ್ಟಿದವರಲ್ಲಿ. ಅವರ ತಾಯಂದಿರ ತೂಕವೂ ಉಳಿದವರಿಗಿಂತ ಹೆಚ್ಚಿತ್ತು. ತಾಯಿಗೆ ಬಸುರಿನಲ್ಲಿ ರಕ್ತದ ಸಕ್ಕರೆ ಏರಿ ಅದು ಕೂಸಿಗೂ ಹರಿದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಇದನ್ನು ಪರೀಕ್ಷಿಸಲು ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ 800ಕ್ಕೂ ಹೆಚ್ಚು ಬಸುರಿಯರನ್ನು ಸೇರಿಸಿಕೊಂಡು ಹೊಸ ಅಧ್ಯಯನ ಆರಂಭಿಸಿದರು. ಅವರಲ್ಲಿ ಸುಮಾರು 6 ಪ್ರತಿಶತ ಬಸುರಿಯರಿಗೆ ಸಕ್ಕರೆ ಏರಿತ್ತು. ಅವರ ಹೆಣ್ಣುಮಕ್ಕಳ ಮೈಯಲ್ಲಿ ಐದನೆಯ ವಯಸ್ಸಿಗೇ ಕೊಬ್ಬು ಹೆಚ್ಚಿತ್ತು, ರಕ್ತದಲ್ಲಿ ಇನ್ಸುಲಿನ್ನೂ ಏರಿತ್ತು ಎಂದು ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದರು.

ಪುಣೆಯ ಚಿತ್ತರಂಜನ್ ಯಾಜ್ಞಿಕ್ ಅವರ ಕೆಲಸವನ್ನೂ ಇದರ ಜೊತೆಗಿಟ್ಟು ನೋಡಬೇಕು. ಅಲ್ಲಿನ ಹಳ್ಳಿಗಳ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ಸುಮಾರು 800 ಗ್ರಾಂ ಹಗುರವಾಗಿದ್ದವು. ಮಾಂಸಖಂಡ ಕಡಿಮೆ, ಹೊಟ್ಟೆಯ ಅಂಗಗಳು ಚಿಕ್ಕವು, ಆದರೆ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚು ಕಡಿಮೆಯಾಗಿರಲಿಲ್ಲ. ನೋಡಲು ತೆಳು, ಒಳಗೆ ಕೊಬ್ಬು. 2004ರಲ್ಲಿ ಯಾಜ್ಞಿಕ್ ತಮ್ಮದೂ ಬ್ರಿಟಿಷ್ ಸಹೋದ್ಯೋಗಿ ಜಾನ್ ಯುಡ್ಕಿನ್ ಅವರದೂ ಚಿತ್ರವನ್ನು ಅಕ್ಕಪಕ್ಕದಲ್ಲಿ ಅಚ್ಚುಹಾಕಿಸಿದರು. ಇಬ್ಬರದೂ ಎತ್ತರಕ್ಕೆ ತಕ್ಕ ತೂಕದ ಅಂಕಿ ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರದು 9.1 ಪ್ರತಿಶತ, ಯಾಜ್ಞಿಕ್ ಅವರದು 21.2.

ಯಾರ ತಪ್ಪು?

ಸಕ್ಕರೆ ಕಾಯಿಲೆ ಬಂದವರನ್ನು ನಾವು ಸುಲಭವಾಗಿ ದೂರುತ್ತೇವೆ. ಬಾಯಿ ಕಟ್ಟಲಿಲ್ಲ, ಮೈ ಬಗ್ಗಿಸಲಿಲ್ಲ, ಅನುಭವಿಸಲಿ ಎನ್ನುತ್ತೇವೆ. ಊಟ, ನಡಿಗೆ, ಸಿಗರೇಟು ಮುಖ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಮೈಸೂರಿನ ಕಡತವನ್ನು ನೋಡಿದ ಮೇಲೆ ದೂರುವ ಮಾತು ಬಾಯಲ್ಲೇ ನಿಲ್ಲುತ್ತದೆ. 1940ರಲ್ಲಿ ಎರಡು ಹೊತ್ತು ಸರಿಯಾಗಿ ಉಣ್ಣದ ಒಬ್ಬ ಬಸುರಿ, 1990ರಲ್ಲಿ ಎದೆ ಹಿಡಿದುಕೊಂಡು ಕೂತ ಅವಳ ಮಗ. ನಡುವೆ 50 ವರ್ಷ. ಮಗನನ್ನು ನೋಡಿದ ವೈದ್ಯರಿಗೆ ಆ ತಾಯಿ ಕಾಣುವುದಿಲ್ಲ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜು ಮಾಡಿತು. ಇನ್ನೂ 13.6 ಕೋಟಿ ಜನ ಹೊಸ್ತಿಲಲ್ಲಿದ್ದಾರೆ. ಇವರ ಮುಂದಿನ 20 ವರ್ಷಗಳನ್ನು ನಿರ್ಧರಿಸುವುದು ಸಕ್ಕರೆಯ ಅಂಕಿಯೊಂದೇ ಅಲ್ಲ. ರಕ್ತದೊತ್ತಡ ಎಷ್ಟು, ಕೊಲೆಸ್ಟರಾಲ್ ಎಷ್ಟು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ, ಸಿಗರೇಟು ಬಿಟ್ಟಾಯಿತೇ ಎಂಬ ಪ್ರಶ್ನೆಗಳನ್ನೂ ಅದರ ಜೊತೆಗೆ ಕೇಳಬೇಕೆಂದು ಬಾಸ್ಟನ್ನಿನಿಂದ ಡೆನ್ಮಾರ್ಕಿನವರೆಗಿನ ಕಡತಗಳು ಹೇಳುತ್ತವೆ. ಮದ್ದುಗಳೂ ಹೃದಯದ ಪರೀಕ್ಷೆಯಲ್ಲಿ ಪಾಸಾಗಬೇಕಾದ ಕಾಲವೊಂದು ಬಂತು. ರೋಸಿಗ್ಲಿಟಜೋನ್ ಎಂಬ ಮಾತ್ರೆಯ ಮೇಲೆ 2007ರಲ್ಲಿ ಅನುಮಾನ ಎದ್ದ ನಂತರ, ಅಮೆರಿಕ 2008ರಲ್ಲಿ ಸಕ್ಕರೆಯ ಪ್ರತಿಯೊಂದು ಹೊಸ ಮದ್ದೂ ಹೃದಯಕ್ಕೆ ಕೇಡಲ್ಲವೆಂದು ತೋರಿಸಬೇಕೆಂಬ ನಿಯಮ ತಂದಿತು. ಆ ನಿಯಮದಿಂದಲೇ ನಡೆದ ಪ್ರಯೋಗವೊಂದರಲ್ಲಿ, 2015ರಲ್ಲಿ, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ಹೃದ್ರೋಗವೂ ಇರುವ ಸಕ್ಕರೆ ಕಾಯಿಲೆಯವರಲ್ಲಿ ಹೃದಯ ಸಂಬಂಧಿ ಸಾವನ್ನು 38 ಪ್ರತಿಶತ ಇಳಿಸಿತು. ಈ ಮಾತ್ರೆಯ ವಂಶ ಸೇಬಿನ ಮರದ ತೊಗಟೆಯಲ್ಲಿ 1835ರಲ್ಲಿ ಸಿಕ್ಕ ಫ್ಲೋರಿಜಿನ್ ಎಂಬ ಪದಾರ್ಥದ್ದು. ಅದು ಕೆಲಸ ಮಾಡುವ ರೀತಿ ತಮಾಷೆಯದು: ರಕ್ತದ ಸಕ್ಕರೆಯನ್ನು ಮೂತ್ರಕ್ಕೆ ತಳ್ಳಿ ಹೊರಹಾಕುತ್ತದೆ. ಯಾವ ಸಿಹಿಮೂತ್ರ ರೋಗಕ್ಕೆ ಹೆಸರು ಕೊಟ್ಟಿತ್ತೋ ಅದೇ ಸಿಹಿಮೂತ್ರ ಈಗ ಚಿಕಿತ್ಸೆ.

ಮೈಸೂರಿನ ಕಡತ ಇವೆಲ್ಲಕ್ಕೆ ಇನ್ನೊಂದು ಪ್ರಶ್ನೆ ಸೇರಿಸುತ್ತದೆ, ಅದು ಮಾತ್ರೆಯಿಂದ ಬಗೆಹರಿಯುವುದಲ್ಲ. ಇವತ್ತು ಬಸುರಿಯಾದ ಹುಡುಗಿಯ ತಟ್ಟೆಯಲ್ಲಿ ಏನಿದೆ, ಅವಳ ತೂಕ ಎಷ್ಟು, ಅವಳ ರಕ್ತದ ಸಕ್ಕರೆಯನ್ನು ಯಾರಾದರೂ ನೋಡಿದರೇ? ಆಶಾ ಕಾರ್ಯಕರ್ತೆಯೋ ಅಂಗನವಾಡಿ ಕಾರ್ಯಕರ್ತೆಯೋ ತಾಯಿ ಕಾರ್ಡಿನಲ್ಲಿ ಬರೆಯುವ ಆ ಅಂಕಿಗಳನ್ನು ನಾವು ಹೆರಿಗೆಯಾದ ಮೇಲೆ ಮರೆಯುತ್ತೇವೆ. 50 ವರ್ಷಗಳ ನಂತರ ಒಬ್ಬರ ಹೃದಯದ ಕತೆಯ ಮೊದಲ ಸಾಲು ಅದೇ ಆಗಿರುತ್ತದೆ.